ಮೇಜಿನಿಂದ ಒಂದು ಮೊಳ ಮೇಲೆ

ಊಟದ ಮೇಜಿನ ಮೇಲೆ ತೂಗುವ ದೀಪವನ್ನು ಅವತ್ತು ಮೇಲಕ್ಕೆತ್ತಿ ಕಟ್ಟಿದವಳು ನಾನು. ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಇಳಿಸಿದವಳೂ ನಾನೇ. ಈ ಎರಡರ ನಡುವಿನ ಒಂದು ಊಟದ ಹೊತ್ತಿನಲ್ಲಿ ನನ್ನ ಅತ್ತೆಯ ಕೈಯಿಂದ ಸೌಟು ಹೋಯಿತು.

ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಅವತ್ತು ನಮ್ಮ ಮನೆ ನೋಡಲು ಬಂದವರು ಕಾಫಿ ಕುಡಿದು ಊಟಕ್ಕೆ ಕೂತರೋ, ಬಂದವರೇ ಕೂತರೋ — ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ನನ್ನ ನೆನಪಿಗೆ ನನ್ನ ಪರವಾಗಿ ಸಾಕ್ಷಿ ಹೇಳುವ ಚಟವಿದೆ. ಅದನ್ನು ನಾನು ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆ ದಿನದ ಪುಟದಲ್ಲಿ ಅವರೆಕಾಯಿಯ ಸೊಗಡಿನ ಬಗ್ಗೆ ಕೂಡ ಬರೆದಿದ್ದೇನೆ, ದೀಪದ ಬಗ್ಗೆ ಒಂದಕ್ಷರವಿಲ್ಲ. ಆದರೆ ಆ ಗಂಟು ನೆನಪಿದೆ. ಹಳೇ ಸೀರೆಯ ಅಂಚು ಹರಿದು ಮಾಡಿಕೊಂಡ ಪಟ್ಟಿ, ವೈರನ್ನು ಸುರುಳಿ ಸುತ್ತಿ ಅದರಿಂದ ಬಿಗಿದೆ, ಹಲ್ಲಿನಿಂದ ಜಗ್ಗಿದೆ. ಬಾಯಲ್ಲಿ ಹತ್ತಿಬಟ್ಟೆಯ ರುಚಿ ಈಗಲೂ ಇದೆ.

ನಮ್ಮ ಮನೆ ಬಂಗಾರಪೇಟೆಯಲ್ಲಿ, ರೈಲು ಹೋದರೆ ಕಪಾಟಿನ ಲೋಟಗಳು ಮಾತಾಡಿಕೊಳ್ಳುವಷ್ಟು ಹಳಿಗೆ ಹತ್ತಿರ. ನಡುಮನೆಯ ಎರಡೂ ಪಕ್ಕದ ಗೋಡೆಗಳು ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡಿವೆ, ಕಿಟಕಿ ಇಲ್ಲ, ಹಗಲಲ್ಲೂ ದೀಪ ಬೇಕು. ಅಲ್ಲಿಗೆ ಊಟದ ಮೇಜು ಬಂದಾಗ, ಅದರ ಮೇಲೊಂದು ಚಂದದ ದೀಪ ತೂಗಬೇಕೆಂದು ಹಟ ಹಿಡಿದದ್ದು ನಾನು. ನಾನು ಹುಟ್ಟಿದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ. ಅಲ್ಲಿನ ಹಳೇ ಬಂಗಲೆಗಳಲ್ಲಿ ತಗಡಿನ ದೊಡ್ಡ ಶೇಡುಗಳು ತೂಗುತ್ತಿದ್ದವು, ಹೊರಗೆ ಕಡುಹಸಿರು, ಒಳಗೆ ಹಾಲಿನಂಥ ಬಿಳುಪು, ಬೋಗುಣಿಯನ್ನು ಕವುಚಿದ ಹಾಗೆ. ಅಂಥದೊಂದು ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಹಸಿರೇ ಇತ್ತು ಅಂದುಕೊಂಡಿದ್ದೆ. ಮೊನ್ನೆ ಒರೆಸುವಾಗ ನೋಡಿದರೆ ನೀಲಿ. ನನ್ನ ನೆನಪಿನ ಹಣೆಬರಹ ಇಷ್ಟು.

ವೈರಿಂಗ್ ಸೀನಪ್ಪ ಕುರ್ಚಿ ಹತ್ತಿ ನಿಂತಿದ್ದ. ಎಷ್ಟೆತ್ತರದಲ್ಲಿ ತೂಗಬೇಕೆಂದು ನಾನು ಓದಿ ತಿಳಿದುಕೊಂಡಿದ್ದೆ: ಎದುರು ಕೂತವರ ಮುಖ ಕಾಣಬೇಕು, ಬಲ್ಬು ಕಣ್ಣಿಗೆ ಹೊಡೆಯಬಾರದು, ಮೇಜಿನಿಂದ ಎರಡೂವರೆ ಅಡಿಯಾದರೂ ಇರಬೇಕು. ಅಷ್ಟರಲ್ಲಿ ಅತ್ತೆ ಬಂದು ಕುರ್ಚಿ ಎಳೆದುಕೊಂಡು ಕೂತರು, ಒಂದು ಸ್ಟೀಲ್ ತಟ್ಟೆಯನ್ನು ಮುಂದಿಟ್ಟುಕೊಂಡರು.

"ಇಳಿಸು ಸೀನಪ್ಪ."

"ಇಷ್ಟು ಸಾಕಲ್ವೇನಮ್ಮೋ?"

"ಇನ್ನೊಂಚೂರು ಇಳಿಸು."

"ಇನ್ನೂ ಇಳಿಸಿದ್ರೆ ಸಾರೊಳಕ್ಕೆ ಬೀಳ್ತದೆ!"

"ಬಿದ್ರೆ ನಿಂಗೇ ಇಕ್ತೀನಿ. ಇಳಿಸ್ಲಾ."

ಅವರ ಕಣ್ಣು ದೀಪದ ಮೇಲಿರಲಿಲ್ಲ, ತಟ್ಟೆಯ ಮೇಲಿತ್ತು. ಕೊನೆಗೆ ಮೊಣಕೈಯನ್ನು ಮೇಜಿಗೂರಿ ಕೈ ನೇರ ಎತ್ತಿದರು. ಬೆರಳ ತುದಿ ಶೇಡಿನ ಅಂಚಿಗೆ ತಾಕಿದಾಗ, "ಇಲ್ಲಿಗೆ ಸರೋಯ್ತು" ಅಂದರು. ಒಂದು ಮೊಳ. ನನಗೆ ಅಳುವೇ ಬಂತು. ಅಷ್ಟು ಕೆಳಗೆ ತೂಗಿದರೆ ಎದುರಿನವರ ಮುಖ ಮರೆಯಾಗಿ ಗದ್ದ ಮಾತ್ರ ಕಾಣುತ್ತದೆ. ನನ್ನ ಮೈದುನ ಗೋಪಿ ಮೊದಲ ದಿನವೇ ಕಿಚಾಯಿಸಿದ: "ಅಮ್ಮೋ, ಅತ್ತಿಗೆ ಮುಖಾನೇ ಕಾಣ್ಸಲ್ಲ."

"ನೀನು ಉಣ್ಣಕ್ಕೆ ಕೂತಿದೀಯೋ ಮುಖ ನೋಡಕ್ಕೆ ಕೂತಿದೀಯೋ? ಉಣ್ಣಲಾ ಸುಮ್ಕೆ."

ಯಾಕೆ ಒಂದು ಮೊಳ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಅತ್ತೆ ನನಗೆ ಸಾರು ಬಡಿಸುತ್ತಿದ್ದರು. ಸೌಟು ತಟ್ಟೆಯ ಹೊರಗೆ ಬಾಗಿತು, ಸಾರು ಮೇಜಿನ ಮೇಲೆ ಹರಿಯಿತು, ಅವರಿಗೆ ಅದು ತಿಳಿಯಲಿಲ್ಲ. ನಾನು ಅವರ ಕೈ ಹಿಡಿದೆ. ಅವರು ಹೇಳಿದರು: "ಯಾರ್ಗೂ ಏಳ್ಬೇಡ ಕಣಮ್ಮ. ತಟ್ಟೆಯೊಳಗಿರೋದು ಏನೂ ಕಾಣ್ಸಲ್ಲ ನಂಗೆ. ದೀಪ ಅಷ್ಟು ಕೆಳಗಿದ್ರೆ ಅಂಚು ಮಾತ್ರ ಬೆಳ್ಳಿ ಬಳೆ ತರ ಮಿಂಚ್ತದೆ. ಆ ಬಳೆಯೊಳಕ್ಕೆ ಆಕ್ತೀನಿ, ಅಷ್ಟೆ."

ಕಣ್ಣಿನ ಡಾಕ್ಟರ ಬಳಿಗೆ ನಾವಿಬ್ಬರೇ ಹೋಗಿಬಂದೆವು. ಮನೆಯಲ್ಲಿ ಕ್ಯಾಸಂಬಳ್ಳಿಗೆ, ಅವರ ತವರಿಗೆ ಅಂತ ಹೇಳಿದ್ದೆವು. ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದ್ದು ಒಂದೇ ಮಾತು: "ಗೊತ್ತಾದ್ರೆ ಮೂಲೇಲಿ ಕೂರ್ಸಿ ತಟ್ಟೆ ತಂದಿಡ್ತಾರೆ. ನಾನು ಇಕ್ಕೋಳು ಕಣಮ್ಮ, ಇಕ್ಕಿಸ್ಕೊಳ್ಳೋಳಲ್ಲ."

ಅಂದಿನಿಂದ ಅವರು ಬಡಿಸುವುದನ್ನು ನಾನು ಕಣ್ಣು ತೆಗೆಯದೆ ನೋಡತೊಡಗಿದೆ. ಮುದ್ದೆಯ ತೂಕದಿಂದ ಅದು ಯಾರದೆಂದು ಅವರಿಗೆ ತಿಳಿಯುತ್ತಿತ್ತು, ದೊಡ್ಡದು ಗೋಪಿಯದು, ಚಿಕ್ಕದು ನನ್ನದು. ಸಾರು ತಟ್ಟೆಗೆ ಬೀಳುವ ಸದ್ದು ದಪ್ಪಗಾದಾಗ ಸೌಟನ್ನು ಎತ್ತುತ್ತಿದ್ದರು. ತುಪ್ಪ ಕರಗಿತೋ ಇಲ್ಲವೋ ಎಂದು ಮೂಗು ಹೇಳುತ್ತಿತ್ತು. ಒಂದು ದಿನ ಯಾರೂ ಇಲ್ಲದಾಗ ನನ್ನ ದಪ್ಪ ಕನ್ನಡಕ ತೆಗೆದಿಟ್ಟು ಅವರ ಜಾಗದಲ್ಲಿ ನಿಂತೆ. ಮೇಜು ಕರಗಿತು, ಪಾತ್ರೆಗಳು ಕರಗಿದವು, ನನ್ನ ಕೈಯೇ ಮಂಜಾಯಿತು — ಆದರೆ ಆ ಮಂಜಿನಲ್ಲಿ ತಟ್ಟೆಗಳ ಅಂಚುಗಳು ಮಾತ್ರ ಉಂಗುರ ಉಂಗುರವಾಗಿ ತೇಲುತ್ತಿದ್ದವು. ಒಂದು ಮನೆಯ ಹೊಟ್ಟೆಯನ್ನೆಲ್ಲ ಈ ಹೆಂಗಸು ಇಷ್ಟೇ ಇಷ್ಟು ಬೆಳಕಿನಲ್ಲಿ ತುಂಬಿಸುತ್ತಿದ್ದಾರೆ, ಪಕ್ಕದಲ್ಲೇ ಕೂತ ಮಕ್ಕಳಿಗೂ ಗೊತ್ತಾಗದ ಹಾಗೆ. ಕನ್ನಡಕ ಮತ್ತೆ ಹಾಕಿಕೊಂಡೆ.

ಇದನ್ನೆಲ್ಲ ಕಂಡಿದ್ದವಳು ನಾನು. ಇದಾದ ಮೇಲೆಯೇ —

ಗೋಪಿಗೆ ಬೂದಿಕೋಟೆ ಕಡೆಯ ಹುಡುಗಿಯ ಪ್ರಸ್ತಾಪ ಬಂದಿತ್ತು. ಹುಡುಗಿಯ ಕಡೆಯವರು ಮನೆ ನೋಡಲು ಬರುವ ದಿನ. ಬೆಳಗ್ಗೆಯಿಂದ ನಾನು ಮನೆಯನ್ನು ಬಂದವರ ಕಣ್ಣಿನಿಂದ ನೋಡುತ್ತಿದ್ದೆ. ನಡುಮನೆಗೆ ಬಂದಾಗ ದೀಪ ಕಂಡಿತು, ಹೋಟೆಲಿನ ಗಲ್ಲಾದ ಮೇಲೆ ತೂಗುಹಾಕಿದ ಹಾಗೆ. ಇದೇನು ಹೀಗೆ ಅಂತ ಕೇಳಿದರೆ ಏನು ಹೇಳುವುದು? ಓದಿದ ಸೊಸೆಯ ಮನೆ ಹೀಗಾ ಅಂದುಕೊಂಡರೆ?

ಅತ್ತೆಯ ಕಣ್ಣಿನ ವಿಷಯ ಆ ಕ್ಷಣ ಮರೆತುಹೋಗಿತ್ತು ಎಂದು ಬರೆಯುವ ಆಸೆಯಿದೆ. ಇಷ್ಟು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಆದರೆ ಕುರ್ಚಿ ಹತ್ತುವ ಮುಂಚೆ ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ, ಅತ್ತೆ ಬರುತ್ತಿದ್ದಾರಾ ಅಂತ. ಮರೆತವಳು ಹಾಗೆ ನೋಡುವುದಿಲ್ಲ.

ದೀಪ ಮೇಲೆ ಹೋಯಿತು. ಕೋಣೆ ಅಗಲವಾಯಿತು, ಎಲ್ಲರ ಮುಖ ಕಾಣುವಂತಾಯಿತು. ಚಂದವಿತ್ತು, ಸುಳ್ಳು ಹೇಳಲಾರೆ.

ಹುಡುಗಿಯ ದೊಡ್ಡಪ್ಪ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ತಟ್ಟೆಗಳಿಗೆ ಮುದ್ದೆಯನ್ನು ನಾನೇ ಇಟ್ಟಾಗಿತ್ತು. ಅತ್ತೆ ಹಿತಕಿದ ಅವರೆಬೇಳೆ ಸಾರಿನ ಪಾತ್ರೆ ಹಿಡಿದು ಅವರ ಪಕ್ಕ ಬಂದು ನಿಂತರು, ಸೌಟು ತುಂಬಿದರು, ನಿಂತರು. ನಿಂತೇ ಇದ್ದರು. ತಲೆಯೆತ್ತಿ ದೀಪದ ಕಡೆ ಮುಖ ಮಾಡಿದರು ಅಂತ ನನಗೆ ನೆನಪು, ಇದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದರೂ ಇರಬಹುದು. ಸೌಟು ಬಾಗಿತು. ಬಿಸಿಬಿಸಿ ಸಾರು ದೊಡ್ಡಪ್ಪನವರ ಮಣಿಕಟ್ಟಿನ ಮೇಲೆ, ಪಂಚೆಯ ಮೇಲೆ. ಅವರು ಹೌಹಾರಿ ಎದ್ದರು. ಗೋಪಿ ಕೂಗಿದ:

"ಕಣ್ಣು ಕಾಣ್ಸಲ್ವೇನಮ್ಮಾ?"

ದೊಡ್ಡಪ್ಪ ಒಳ್ಳೆಯ ಮನುಷ್ಯ, ಕೈ ಒದರಿಕೊಳ್ಳುತ್ತಲೇ ನಕ್ಕರು: "ಬಿಡಪ್ಪ ಅತ್ಲಾಗೆ. ಸಾರು ಅಷ್ಟು ಚೆನ್ನಾಗಿದೆ, ಪಂಚೇನೂ ಒಂದು ತುತ್ತು ಉಣ್ಲಿ ಅಂತ ಅಕ್ಕಯ್ಯ ಇಕ್ಕಿದ್ರು." ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆಮೇಲೆ ಗಾಳಿಯಲ್ಲಿ ನನ್ನ ಕೈ ಹುಡುಕಿ, ಸೌಟನ್ನು ಅದರಲ್ಲಿಟ್ಟರು. "ಕೈ ನಡುಗ್ತಮ್ಮ. ನೀನೇ ಇಕ್ಕು."

ನಾನು ಬಡಿಸಿದೆ. ಕೈ ನಡುಗದೆ ಬಡಿಸಿದೆ.

ಬಂದವರನ್ನು ಬೀಳ್ಕೊಡಲು ಎಲ್ಲರೂ ಬೀದಿಗೆ ಹೋಗಿದ್ದಾಗ ಕುರ್ಚಿ ಹತ್ತಿ ಗಂಟು ಬಿಚ್ಚಿದೆ. ದೀಪ ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂದು ನಿಂತಿತು. ಸಂಬಂಧ ಕುದುರಿತು, ಗೋಪಿಯ ಮದುವೆಯಾಯಿತು, ಯಾವ ಅನಾಹುತವೂ ಆಗಲಿಲ್ಲ. ಅಷ್ಟು ಸುಲಭವಾಗಿ ಮುಗಿದದ್ದರಿಂದಲೇ ಬಾಯಿ ಬಿಡದೆ ಉಳಿಯುವುದೂ ಸುಲಭವಾಯಿತು.

ಆದರೆ ನನ್ನ ತಪ್ಪು ಅಲ್ಲಿಗೆ ನಿಲ್ಲಲಿಲ್ಲ. ಅವತ್ತು ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಅತ್ತೆ ಹೇಳಿದರು: "ಓಯ್ತು ಕಣಮ್ಮ. ಬಳೆ ಕಾಣ್ಲೇ ಇಲ್ಲ ಇವತ್ತು. ಪೂರ್ತಿ ಓಯ್ತು." ಅವರ ದನಿಯಲ್ಲಿ ದೂರು ಇರಲಿಲ್ಲ. ಬೇಸಾಯದ ಮನೆಯವರು ಹಸು ಬತ್ತಿತು ಅನ್ನುವ ಹಾಗೆ ಹೇಳಿದರು. ಇಲ್ಲ ಅತ್ತೆ, ನಿಮ್ಮ ಕಣ್ಣು ಹೋಗಿಲ್ಲ, ದೀಪವನ್ನು ನಾನು ಎತ್ತಿದ್ದೆ — ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು: "ಡ್ರಾಪ್ಸ್ ಹಾಕ್ತೀನಿ, ಬನ್ನಿ."

ಕೈ ನಡುಗುತ್ತದೆ ಅನ್ನುವುದನ್ನು ಮನೆಯವರೆಲ್ಲ ನಂಬಿದರು. ಮಾರನೆಯ ದಿನದಿಂದ ಅತ್ತೆ ಕೂತು ಉಂಡರು. ಅದೇ ದೀಪದ ಕೆಳಗೆ, ಅದೇ ಒಂದು ಮೊಳದ ಬೆಳಕಿನಲ್ಲಿ. ನನ್ನ ನಿದ್ದೆ ಕೆಡಿಸುವುದು ಇದೇ. ತಟ್ಟೆಯ ಬಳೆ ಅವರಿಗೆ ಮತ್ತೆ ಕಂಡಿರಲೇಬೇಕಲ್ಲ? ಕಂಡರೂ ಯಾಕೆ ಸೌಟು ಕೇಳಲಿಲ್ಲ? ಒಂದು ದಿನ ಬಂದು ಒಂದು ದಿನ ಹೋಗುವ ಕಣ್ಣನ್ನು ನಂಬಬಾರದು ಅಂದುಕೊಂಡರೇ? ಅಥವಾ ದೀಪ ಎತ್ತಿದ್ದು ಯಾರೆಂದು ಆ ಗಳಿಗೆಯಲ್ಲೇ ತಿಳಿದು, ಸೊಸೆಯ ಮಾನ ಉಳಿಸಲು ಎಲ್ಲರೆದುರು ಕೈ ನಡುಗಿತು ಅಂದರೇ? ಹಾಗಿದ್ದರೆ ಇಷ್ಟು ವರ್ಷ ನಾನು ಬಡಿಸಿದ್ದನ್ನು ಒಂದು ಮಾತೂ ಆಡದೆ ಉಂಡ ಆ ಮನಸ್ಸು ಎಂಥದು? ಯೋಚಿಸಿದರೆ ತಲೆ ತಾನಾಗಿ ಬಾಗುತ್ತದೆ. ಬಾಗಿದರೂ ನನ್ನ ತಪ್ಪು ಕಿರಿದಾಗುವುದಿಲ್ಲ.

ಮತ್ತೆ ಅವರೆಕಾಯಿ ಕಾಲ ಬಂದಿದೆ. ಕಳೆದ ಭಾನುವಾರ ಎಲ್ಲರೂ ಮೇಜಿಗೆ ಕೂತಿದ್ದರು, ನನ್ನ ಗಂಡ, ಗೋಪಿ, ಅವನ ಹೆಂಡತಿ, ಅತ್ತೆ. ಮುದ್ದೆ ಇಟ್ಟೆ. ಸಾರಿನ ಪಾತ್ರೆ ಕೈಗೆತ್ತಿಕೊಳ್ಳಲಿಲ್ಲ. ನಿಂತುಕೊಂಡೇ ಹೇಳಿದೆ — ಅತ್ತೆಯ ಕಣ್ಣು, ಕುರ್ಚಿ, ಪಟ್ಟಿ, ಗಂಟು, ಬಿಚ್ಚಿದ್ದು, ಸಂಜೆ ಬಾಯಿ ಕಟ್ಟಿಕೊಂಡದ್ದು, ಎಲ್ಲ. ಬಸ್ಸಿನಲ್ಲಿ ಅವರಾಡಿದ ಮಾತನ್ನು ಮಾತ್ರ ಹೇಳಲಿಲ್ಲ. ಅದು ಅವರದು. ಗೋಪಿ ತುತ್ತು ಹಿಡಿದ ಕೈಯನ್ನು ತಟ್ಟೆಗೆ ಇಳಿಸಿದ. ಅವನು ಕೂಗಿದ ಮಾತು ಅವನಿಗೆ ನೆನಪಿತ್ತು ಅಂತ ಕಾಣುತ್ತದೆ.

ಅತ್ತೆಯ ತೋರುಬೆರಳು ತಟ್ಟೆಯ ಅಂಚಿನ ಮೇಲೆ ಹೋಗುತ್ತಿತ್ತು, ಒಂದು ಸುತ್ತು, ಇನ್ನೊಂದು ಸುತ್ತು. ಹೊರಗೆ ರೈಲು ಬಂತು, ದೀಪ ಸಣ್ಣಗೆ ತೂಗಿತು, ಮೇಜಿನ ಮೇಲಿನ ಬೆಳಕಿನ ಉಂಗುರಗಳೆಲ್ಲ ಒಮ್ಮೆ ಅಲುಗಿ ನಿಂತವು. ಬೆರಳೂ ನಿಂತಿತು.

ನಾನು ಸೌಟನ್ನು ಅವರ ಬಲಗೈಯ ಪಕ್ಕ, ಬೆಳಕಿನ ನಡುವೆ ಇಟ್ಟು ಕೇಳಿದೆ. ಇದನ್ನು ಬರೆಯುವ ಹೊತ್ತಿಗೂ ಅವರು ಅದನ್ನು ಎತ್ತಿಕೊಂಡಿಲ್ಲ. ಸೌಟನ್ನು ದಿನವೂ ಅಲ್ಲೇ ಇಡುತ್ತಿದ್ದೇನೆ.

"ಬಳೆ ಕಾಣ್ತಿದೆಯಾ ಅತ್ತೆ? ಇವತ್ತು ನೀವೇ ಇಕ್ತೀರಾ?"