ಕೈಜಮ್ಮ ಗ್ರಾಮಸಭೆಗೆ ಹೋದದ್ದು

ನಾಯ್ಮಾರ್ಮೂಲೆಯ ಹೋಟೆಲುಗಳಿಗೆ ಪತ್ತಿರಿ ಮಾಡಿಕೊಡುವ ಕೈಜಮ್ಮನ ಕೈಗುಣಕ್ಕೆ ಊರಲ್ಲಿ ಹೆಸರಿತ್ತು. ಅಕ್ಕಿಹಿಟ್ಟಿನ ಆ ತೆಳು ರೊಟ್ಟಿ ಲಟ್ಟಿಸಿಯೇ ಮಗಳು ಶಿಬಿಲಾಳ ಮದುವೆ ಮಾಡಿದ್ದಳು. ಮಗಳು, ಅಳಿಯ ಶಾರ್ಜಾಕ್ಕೆ ಹೋದ ಮೇಲೆ ಮೊಮ್ಮಕ್ಕಳಿಬ್ಬರನ್ನು ಸಾಕಿದವಳೂ ಅವಳೇ. ದೊಡ್ಡವಳು ರಝಿಯಾ. ಚಿಕ್ಕವನು ಮಿದ್ಲಾಜ್, ಪ್ಲಸ್ ಟು ಓದುತ್ತಿದ್ದ, ಅಜ್ಜಿಯ ಕಣ್ಮಣಿ.

ಗೆಳೆಯರ ಜೊತೆ ಎಂಡಿಎಂಎ ಎಂಬ ಅಮಲಿನ ಪುಡಿ ಸೇವಿಸಿ, ಅದು ಮಿತಿಮೀರಿ ಹುಡುಗ ಹದಿನೇಳಕ್ಕೇ ತೀರಿಹೋದ.

ಕೈಜಮ್ಮನಿಗೆ ಅವನ ಚಟ ಮೊದಲೇ ಗೊತ್ತಿತ್ತು. ಅವಳ ಜೀವ ತಿನ್ನುತ್ತಿದ್ದದ್ದೂ ಅದೇ. ಅವನು ಊಟ ಬಿಟ್ಟದ್ದು, ಹಗಲೆಲ್ಲ ಬಾಗಿಲು ಹಾಕಿ ಮಲಗಿದ್ದು, ಅಕ್ಕನ ಕೈ ತಿರುಚಿ ಉಂಗುರ ಕಿತ್ತದ್ದು ಎಲ್ಲವೂ ಅವಳ ಕಣ್ಣೆದುರೇ ನಡೆದಿತ್ತು. ಸಾವಿಗೆ ಸ್ವಲ್ಪ ಮೊದಲು ಶಾಲೆಯ ವಸುಮತಿ ಟೀಚರ್ ಮನೆಗೇ ಬಂದಿದ್ದರು.

"ಕೈಜಮ್ಮ, ಅವನಿಗೆ ಅಮಲಿನ ಚಟ ಉಂಟು. ಆಸ್ಪತ್ರೆಯಲ್ಲಿ ಮದ್ದು ಕೊಡ್ತಾರೆ. ನಾನೇ ಜೊತೆಗೆ ಬರ್ತೇನೆ."

ರಝಿಯಾಳನ್ನು ನೋಡಲು ಗಂಡಿನವರು ಬರುವವರಿದ್ದರು. "ನಮ್ಮ ಹುಡುಗನಿಗೆ ಎಂತದೂ ಇಲ್ಲ ಟೀಚರ್. ಈ ಮಾತು ಹಿಡ್ಕೊಂಡು ಇನ್ನು ಇಲ್ಲಿಗೆ ಬರ್ಬೇಡಿ," ಎಂದು ಕೈಜಮ್ಮ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದಳು.

ಸಾವಿನ ಬಳಿಕ ಊರಿಗೆ ಊರೇ ಮಾತಿಗೆ ಬಿತ್ತು. ಚಾನೆಲಿನವರು ಬಂದರು, ಪಕ್ಷಗಳವರು ಮೆರವಣಿಗೆ ಹೊರಟರು. ಅಮಲಿಗೆ ಬಿದ್ದವರ ಮನೆಯ ಮದುವೆಗೆ ಯಾರೂ ಹೋಗಬಾರದೆಂದು ಗ್ರಾಮಸಭೆಯಲ್ಲಿ ತೀರ್ಮಾನ ಮಾಡಿಸಲು ಕೆಲವರು ಪಟ್ಟು ಹಿಡಿದರು. ಅದು ಕಿವಿಗೆ ಬಿದ್ದು ಕೈಜಮ್ಮ ಸಭೆಗೆ ಹೋಗಿ ಹಿಂದಿನ ಸಾಲಲ್ಲಿ ಕುಳಿತಳು.

"ಇಂಥ ಮನೆಯವರನ್ನು ದೂರ ಇಡ್ಬೇಕು. ಆಗ ಬುದ್ಧಿ ಬರ್ತದೆ," ಎಂದ ಬಟ್ಟೆ ಅಂಗಡಿಯ ಉಸ್ಮಾನ್ ಹಾಜಿ. ಜನ ಚಪ್ಪಾಳೆ ತಟ್ಟಿದರು.

ಕೈಜಮ್ಮ ಎದ್ದು ನಿಂತಳು.

"ಹಾಜಿಯವರೇ, ದೂರ ಇಡ್ತೀರಿ ಅಂತ ಹೆದರಿಯೇ ನಾನು ಅಡಗಿಸಿದ್ದು. ಟೀಚರ್ ಬಂದು ಹೇಳಿದ್ರು, ನಾನೇ ಓಡಿಸಿದೆ. ನನ್ನ ಮಗುವನ್ನು ಕೊಂದದ್ದರಲ್ಲಿ ನಾನೂ ಉಂಟು. ನೀವು ಹೀಗೆ ತೀರ್ಮಾನ ಮಾಡಿದ್ರೆ ಎಲ್ಲ ಮನೆಯವರೂ ನನ್ನ ಹಾಗೆಯೇ ಮಾಡ್ತಾರೆ."

"ಮಾಡುವುದೆಲ್ಲ ಮಾಡಿ ಈಗ ಉಪದೇಶ," ಎಂದರು ಯಾರೋ. ಅದು ಸುಳ್ಳೆಂದು ಅವಳಿಗೂ ಅನಿಸಲಿಲ್ಲ. ವಾದ ಜೋರಾಯಿತು. ಕೊನೆಗೆ ಬಹಿಷ್ಕಾರದ ಮಾತು ಬಿದ್ದುಹೋಯಿತು. ಅಮಲು ಮಾರುವವರನ್ನು ಪೊಲೀಸರಿಗೆ ಒಪ್ಪಿಸುವುದು, ಚಿಕಿತ್ಸೆಗೆ ಹೋಗುವವರ ಹೆಸರು ಎಲ್ಲೂ ಎತ್ತದಿರುವುದು ಎಂದಾಯಿತು.

ಸುದ್ದಿ ಶಾರ್ಜಾಕ್ಕೂ ಮುಟ್ಟಿತು. "ಟೀಚರ್ ಬಂದದ್ದನ್ನು ನನಗೊಂದು ಮಾತು ಹೇಳಬಾರದಿತ್ತಾ ಉಮ್ಮಾ?" ಎಂದು ಶಿಬಿಲಾ ಫೋನಿನಲ್ಲಿ ಅತ್ತಳು. ಆಮೇಲೆ ಮಗಳ ಫೋನು ಬರಲಿಲ್ಲ.

ಕೆಲವು ವಾರ ಕಳೆದು ಸಭೆಯ ಸುದ್ದಿ ಕೇಳಿದ ಬೋವಿಕಾನದ ತಾಯಿಯೊಬ್ಬಳು ಅಮಲಿಗೆ ಬಿದ್ದ ಮಗನನ್ನು ಕರೆದುಕೊಂಡು ಕೈಜಮ್ಮನನ್ನು ಹುಡುಕುತ್ತಾ ಬಂದಳು. ಕೈಜಮ್ಮ ಒಲೆ ಆರಿಸಿ, ವಸುಮತಿ ಟೀಚರಿಗೆ ಫೋನು ಮಾಡಿ, ಅವರ ಜೊತೆ ಬಸ್ಸು ಹತ್ತಿದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಆ ತಾಯಿ ಅವಳ ಕೈ ಹಿಡಿದು, "ಅಲ್ಲಾಹು ನಿಮಗೆ ಒಳ್ಳೇದು ಮಾಡ್ಲಿ," ಎಂದಳು.

ಕೈಜಮ್ಮ ಮೆಲ್ಲನೆ ಕೈ ಬಿಡಿಸಿಕೊಂಡಳು. "ನನಗೆ ಅದು ಹೇಳ್ಬೇಡ ಮಗಳೇ. ಡಾಕ್ಟರರ ಚೀಟಿ ಮಾಡಿಸುವ, ಬಾ."