ಕತ್ತರಿಯ ಪಕ್ಕದ ಕ್ಯೂಬು

ತಿರುಗಿಸಿ ಬಣ್ಣ ಕೂಡಿಸುವ ಆಟದ ಕ್ಯೂಬಿಗೆಂದೇ ಈಗ ಮಾರುವ ಎಣ್ಣೆಗೆ ವಾಸನೆಯೇ ಇಲ್ಲ. ಪುಟ್ಟ ಬಾಟಲಿಯಲ್ಲಿ ನೀರಿನ ಹಾಗೆ ಇರುತ್ತದೆ. ಎರಡು ತೊಟ್ಟು ಬಿಟ್ಟು ನಾಲ್ಕು ಸಲ ತಿರುಗಿಸಿದರೆ ಪದರಗಳು ತಾವಾಗಿಯೇ ಜಾರುತ್ತವೆ. ಕೆಲಸದಲ್ಲಿ ಕೊರತೆಯೇನೂ ಇಲ್ಲ. ಆದರೂ ಮುಚ್ಚಳ ತೆಗೆದಾಗಲೆಲ್ಲ ಮೂಗಿನ ಹತ್ತಿರ ಹಿಡಿದು ಪೆಚ್ಚಾಗುತ್ತೇನೆ. ನನ್ನ ಮೂಗು ಹುಡುಕುವುದು ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು. ಆ ವಾಸನೆ, ಇಸ್ತ್ರಿಪೆಟ್ಟಿಗೆಯಡಿ ಬಿಸಿಯಾದ ಹೊಸ ಬಟ್ಟೆಯ ಗಂಜಿಯ ವಾಸನೆ, ಒಳಗಿನಿಂದ ತೇಲಿಬರುವ ಒಗ್ಗರಣೆಯ ಘಮ, ಇಷ್ಟು ಕೂಡಿದರೆ ಅದು ಸಾಗರದಲ್ಲಿದ್ದ ನನ್ನ ಸೋದರಮಾವನ ಮನೆ. ಅಂಥದೊಂದು ಮನೆ ನಿಮಗೂ ಇದ್ದಿದ್ದರೆ, ಅದರ ವಿಳಾಸ ಕೊನೆಗೆ ಉಳಿಯುವುದು ಮೂಗಿನಲ್ಲೇ ಎಂದು ನಿಮಗೆ ಹೇಳಬೇಕಾಗಿಲ್ಲ.

ಮುಂದೆ ಟೈಲರ್ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಪ್ಪ ಲಾರಿಯಲ್ಲಿ ಊರೂರು ಸುತ್ತುತ್ತಿದ್ದುದರಿಂದ ಅಮ್ಮ ಮತ್ತು ನಾನು ಮಾವನ ಮನೆಯಲ್ಲೇ ಇದ್ದೆವು. ಮಾವ ಅಂಗಿ ಪ್ಯಾಂಟು ಹೊಲಿಯುತ್ತಿದ್ದರು, ಅಮ್ಮ ರವಿಕೆ. ಒಮ್ಮೆ ಅಪ್ಪ ಯಾವುದೋ ಊರಿನಿಂದ ಒಂದು ಕ್ಯೂಬು ತಂದುಕೊಟ್ಟು ಮತ್ತೆ ಲಾರಿ ಹತ್ತಿದರು. ಅದು ಎಷ್ಟು ಬಿಗಿಯಾಗಿತ್ತೆಂದರೆ ತಿರುಗಿಸಿ ತಿರುಗಿಸಿ ನನ್ನ ಹೆಬ್ಬೆರಳು ಕೆಂಪಾಗುತ್ತಿತ್ತು. ಅದನ್ನು ನೋಡಿದ ಮಾವ ಎಣ್ಣೆ ಡಬ್ಬಿಯ ಕೊಕ್ಕನ್ನು ಸಂದಿಗಿಟ್ಟು ಎರಡು ಸಲ ಒತ್ತಿದರು. ಅವತ್ತಿನಿಂದ ಕ್ಯೂಬು ಹಗುರಾಯಿತು, ನನ್ನ ಪಠ್ಯಪುಸ್ತಕಗಳ ಮೇಲೆಲ್ಲ ಜಿಡ್ಡಿನ ಬೆರಳಚ್ಚು ಬಿತ್ತು.

ಬಿಡಿಸುವುದನ್ನು ಕಲಿತದ್ದು ಮಾವನ ಫೋನಿನಲ್ಲಿ ವಿಡಿಯೋ ನೋಡಿ. ಅದರಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಸೂತ್ರ; ನನಗೆ ಬಾಯಿಪಾಠವಾಗುತ್ತಲೇ ಇರಲಿಲ್ಲ. ಪೆಡಲು ತುಳಿಯುತ್ತಲೇ ಕೇಳಿಸಿಕೊಂಡ ಮಾವ, ಬಲಗಡೆಯ ಮತ್ತು ಮೇಲಿನ ಪದರಗಳನ್ನು ತಿರುಗಿಸುವ ಬಗೆಯನ್ನು ನಮ್ಮ ಮಾತಿಗೆ ತಂದರು: "ಬಲ ಹತ್ತು, ನೆತ್ತಿ ಹೋಗು, ಬಲ ಇಳಿ, ನೆತ್ತಿ ಬಾ." ಮೆಷಿನ್ನಿನ ಲಯಕ್ಕೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಕೆಲವೇ ದಿನಗಳಲ್ಲಿ ಅತ್ತೆಯೂ ಕಾಯಿ ತುರಿಯುತ್ತ ಅದನ್ನೇ ಗೊಣಗುತ್ತಿದ್ದರು. ನನ್ನ ವೇಗ ಅಳೆಯುತ್ತಿದ್ದವರೂ ಅತ್ತೆಯೇ. "ಸಾಸಿವೆ ಹಾಕ್ದೆ, ಶುರು ಮಾಡೇ," ಎಂದು ಒಳಗಿನಿಂದ ಕೂಗುತ್ತಿದ್ದರು. ಸಾಸಿವೆ ಸಿಡಿದು ಕರಿಬೇವು ಬೀಳುವಷ್ಟರಲ್ಲಿ ಆರೂ ಮುಖ ಕೂಡಿಸಿದರೆ ನಾನು ಗೆದ್ದಂತೆ. ಎಣ್ಣೆ ಮೊದಲೇ ಕಾದಿದ್ದ ದಿನ ಸೋಲು ಖಚಿತ; ಅದಕ್ಕಾಗಿ ನಾವಿಬ್ಬರೂ ಜಗಳವಾಡುತ್ತಿದ್ದೆವು.

ಇದು ಯಾವುದೂ ಅಮ್ಮನಿಗೆ ಹಿಡಿಸುತ್ತಿರಲಿಲ್ಲ. ನಾನು ಹತ್ತನೆಯ ತರಗತಿಗೆ ಬಂದ ವರ್ಷ, ತೀರ್ಥಹಳ್ಳಿಯಲ್ಲಿ ವಿಜಯದಶಮಿಯ ದಿನ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆಯ ಜೊತೆ ಕ್ಯೂಬಿನ ಸ್ಪರ್ಧೆಯೂ ಇದೆ ಎಂದು ತಿಳಿಯಿತು. ಹೋಗುತ್ತೇನೆಂದು ಹಟ ಹಿಡಿದೆ. ಅಮ್ಮ ರವಿಕೆಗೆ ಹುಕ್ಕು ಹಾಕುತ್ತಲೇ ತೀರ್ಪು ಕೊಟ್ಟಳು: "ಹೋಗ್ಬಾ. ಬಹುಮಾನ ಬಂದ್ರೆ ಇಟ್ಕ. ಬರ್ಲಿಲ್ಲ ಅಂದ್ರೆ ಅದು ಅಟ್ಟಕ್ಕೆ. ಆಮೇಲೆ ಅತ್ರೂ ಇಲ್ಲ, ಕರದ್ರೂ ಇಲ್ಲ." ಅಮ್ಮ ಆಡಿದ ಮಾತಿಗೆ ತಪ್ಪುವವಳಲ್ಲ. ಅಟ್ಟಕ್ಕೆ ಹೋದ ಯಾವ ವಸ್ತುವೂ ಆ ಮನೆಯಲ್ಲಿ ಕೆಳಗಿಳಿದದ್ದನ್ನು ನಾನು ಕಂಡಿರಲಿಲ್ಲ. ಮಾವ ದಾರವನ್ನು ಹಲ್ಲಿನಿಂದ ಕಡಿದು ಮತ್ತೆ ಪೆಡಲು ತುಳಿದರು.

ಸ್ಪರ್ಧೆಯ ಹಿಂದಿನ ದಿನ ಆಯುಧಪೂಜೆ. ಸ್ನಾನ ಮಾಡಿ ಬಂದು ಕ್ಯೂಬು ಹುಡುಕಿದರೆ ಎಲ್ಲೂ ಇಲ್ಲ. ಅಂಗಡಿಗೆ ಬಂದು ನೋಡಿದೆ. ಮಣೆಯ ಮೇಲೆ ದೊಡ್ಡ ಕತ್ತರಿ, ಟೇಪು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಸೂಜಿಡಬ್ಬಿ. ಕತ್ತರಿಯ ಪಕ್ಕದಲ್ಲಿ, ಆರೂ ಮುಖಕ್ಕೆ ಗಂಧ ಬಳಿದು ಕುಂಕುಮ ಇಡಿಸಿಕೊಂಡು, ನೆತ್ತಿಯ ಮೇಲೆ ಸೇವಂತಿಗೆ ಹೊತ್ತ ನನ್ನ ಕ್ಯೂಬು. ನಿಜ ಹೇಳಬೇಕೆಂದರೆ ಮೊದಲು ನನಗೆ ಹೆಮ್ಮೆಯಾಯಿತು. ಆಮೇಲೆ ನೆನಪಾಯಿತು. ಪೂಜೆಗಿಟ್ಟದ್ದನ್ನು ಮರುದಿನ ಕದಲಿಸುವ ತನಕ ಮುಟ್ಟುವಂತಿಲ್ಲ.

"ಮಾವ, ಇದನ್ಯಾಕೆ ಇಟ್ರಿ? ನಾಳೆ ಸ್ಪರ್ಧೆ, ಇವತ್ತೆಲ್ಲ ಕೂತು ಮಾಡ್ಬೇಕಿತ್ತು."

"ಇದೂ ಆಯುಧನೇ ಅಲ್ಲನೆ?" ಎಂದರು ಮಾವ ಊದುಬತ್ತಿ ಹಚ್ಚುತ್ತ. "ಮೆಷಿನ್ನಿಗೆ ರಜ, ಕತ್ರಿಗೆ ರಜ. ಇದ್ಕೂ ಒಂದಿನ ಇರ್ಲಿ."

ಆ ದಿನವಿಡೀ ನಾನು ಬರಿಗೈಯಲ್ಲೇ ಗಾಳಿಯಲ್ಲಿ ಬಲ ಹತ್ತಿದೆ, ನೆತ್ತಿ ಹೋದೆ. ಬೆಳಗ್ಗೆ ಅತ್ತೆ ಅಕ್ಷತೆ ಹಾಕಿ ಮಣೆಯನ್ನು ತುಸು ಕದಲಿಸಿದ್ದೇ ತಡ, ಕ್ಯೂಬನ್ನು ಬಾಚಿಕೊಂಡು ಮಾವನ ಜೊತೆ ಬಸ್ಸಿಗೆ ಓಡಿದೆ. ಬಸ್ಸಿಗೂ ಹಿಂದಿನ ದಿನ ಪೂಜೆಯಾಗಿತ್ತು. ಮುಂದೆ ಬಾಳೆಕಂದು ಬಾಡಿ ತೂಗುತ್ತಿತ್ತು. ಸೀಟಿನಲ್ಲಿ ಕೂತು ತಿರುಗಿಸಿದರೆ ಕ್ಯೂಬು ಜಪ್ಪಯ್ಯ ಅನ್ನಲಿಲ್ಲ. ಗಂಧ ಸಂದಿಗಿಳಿದು ಒಣಗಿ ಗಾರೆಯಾಗಿತ್ತು. ಮಾವ ಕಾಲರಿನಲ್ಲಿ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದು ಕೆದಕತೊಡಗಿದರು. ಹೊಸನಗರದಲ್ಲಿ ಬಸ್ಸು ಬದಲಿಸಿದ ಮೇಲೆ ತಿರುವುಗಳಿಗೆ ನನಗೆ ಹೊಟ್ಟೆ ತೊಳೆಸಿತು. ನಾನು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದ್ದಾಗ ಒಂದು ತುಂಡು ಕಳಚಿ ಮಾವನ ಮಡಿಲಿಗೆ ಬಿದ್ದಿದೆ. ಅವರು ಅದನ್ನು ಒರೆಸಿ, ಗುಂಡಿ ಹಾಕಿದಷ್ಟು ನಾಜೂಕಾಗಿ ಮತ್ತೆ ಕೂರಿಸಿ, "ಈಗ ನೋಡು ಹೆಂಗೆ ತಿರುಗ್ತದೆ," ಎಂದು ಕೈಗಿಟ್ಟರು. ಬಣ್ಣಗಳೆಲ್ಲ ಕಲಸಿಹೋಗಿದ್ದವು, ನಾನು ಬಿಡಿಸಿ ನೋಡುವ ಸ್ಥಿತಿಯಲ್ಲಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಸ್ಪರ್ಧೆಯ ಜಾಗ ಮುಟ್ಟಿದಾಗ ನನ್ನ ಹೆಸರು ಕರೆಯುತ್ತಿದ್ದರು. ಇದ್ದದ್ದು ಒಂದೇ ಅವಕಾಶ. ಬೆರಳುಗಳು ಎಂದೂ ಓಡದಷ್ಟು ಬೇಗ ಓಡಿದವು. ಕೊನೆಯ ಪದರವೂ ಕೂಡಿತು, ಒಂದೇ ಒಂದು ತುಂಡಿನ ಹೊರತು. ಅದು ತನ್ನ ಜಾಗದಲ್ಲೇ ಇತ್ತು, ಆದರೆ ಬಣ್ಣ ಹಿಂದುಮುಂದಾಗಿತ್ತು. ಹಾಗೆ ಒಂದೇ ತುಂಡು ಉಲ್ಟಾ ಕೂರುವುದು ತಿರುಗಿಸುವುದರಿಂದ ಸಾಧ್ಯವೇ ಇಲ್ಲ. ಬಿಚ್ಚಿ ಹಾಕಿದವರು ಉಲ್ಟಾ ಹಾಕಿದ್ದರೆ ಮಾತ್ರ ಸಾಧ್ಯ. ತಲೆಯೆತ್ತಿ ಮಾವನನ್ನು ನೋಡಿದೆ. ಗೋಡೆಗೊರಗಿ ನಿಂತಿದ್ದ ಅವರು ನಾನು ಗೆದ್ದೆನೆಂದುಕೊಂಡು ನಗುತ್ತಿದ್ದರು.

ಹೊರಗೆ ಬಂದು ವಿಷಯ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಕಾಲರ್ ಉಲ್ಟಾ ಹೊಲ್ದಂಗೆ ಆತಲ್ಲನೆ ಮಗಾ," ಎಂದರು. ಅಳು ಬಂದಿದ್ದ ನನಗೆ ಆ ಮಾತಿಗೆ ನಗುವೂ ಬಂತು. ತುಂಗೆಯ ದಂಡೆಯಲ್ಲಿ ಕೂತು ಬಿಸಿ ಬೋಂಡ ತಿಂದೆವು. ಅಷ್ಟು ರುಚಿಯ ಬೋಂಡವನ್ನು ಗೆದ್ದಿದ್ದರೂ ತಿನ್ನುತ್ತಿರಲಿಲ್ಲವೇನೋ.

ಮನೆಗೆ ಬಂದು ಅಮ್ಮ ಕೇಳುವ ಮೊದಲೇ ಅಟ್ಟದ ಕೆಳಗೆ ಸ್ಟೂಲು ಎಳೆದಿಟ್ಟು ಕ್ಯೂಬನ್ನು ಅವಳ ಕೈಗೆ ಕೊಟ್ಟೆ. ಅಮ್ಮ ಸ್ಟೂಲಿನ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಸಂದಿಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಅದನ್ನು ಬೆರಳಿನಿಂದ ಮುಟ್ಟಿ, ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡಳು.

"ಪೂಜೆ ಆಗಿದ್ದಲ್ಲನೆ ಇದು," ಎಂದಳು. "ಪೂಜೆ ಆಗಿದ್ದನ್ನ ಅಟ್ಟಕ್ಕೆ ಎಸಿತಾರಾ ಯಾರಾದ್ರೂ."

ಮಾವ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದ್ದರು. ಅಮ್ಮ ಅವರತ್ತ ಒಂದು ಸಲ ನೋಡಿ, ಕ್ಯೂಬನ್ನು ಕತ್ತರಿ ಇಡುವ ಗೂಡಿನಲ್ಲಿಟ್ಟು, "ಓದಿದ್ಮೇಲೆ ಮುಟ್ಟು," ಎಂದು ಒಳಗೆ ಹೋದಳು. ಮುಂದೆಂದೂ ಅಟ್ಟದ ಮಾತು ಬರಲಿಲ್ಲ. ನಾನು ಪರೀಕ್ಷೆಯನ್ನೂ ಪಾಸು ಮಾಡಿದೆ, ಮುಂದೆ ಎರಡು ಮೂರು ಕಡೆ ಬಹುಮಾನವನ್ನೂ ತಂದೆ.

ಮಾವ ಹೋಗಿ ಕೆಲವು ವರ್ಷಗಳಾದವು. ಅಂಗಡಿ, ಪರದೆ, ಅಡುಗೆಮನೆ ಎಲ್ಲವೂ ರಸ್ತೆ ಅಗಲ ಮಾಡುವಾಗ ಹೋದವು. ನಾನೀಗ ಹೊಸನಗರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅತ್ತೆಯೂ ಅದೇ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ದಸರೆಯಲ್ಲಿ ಅವರನ್ನು ನೋಡಲು ಹೋದಾಗ, ಅವತ್ತು ಮಾವ ಸ್ಪರ್ಧೆಯನ್ನೇ ಮರೆತು ಕ್ಯೂಬನ್ನು ಪೂಜೆಗಿಟ್ಟಿದ್ದರಲ್ಲ ಎಂದು ತಮಾಷೆ ಮಾಡಿದೆ.

"ಮರ್ತಿದ್ದಲ್ಲ," ಎಂದರು ಅತ್ತೆ. "'ಗೆಲ್ಲಲಿ ಬಿಡ್ಲಿ, ಒಂದು ಕುಂಕುಮ ಇಟ್ಟುಬಿಟ್ರೆ ತಂಗಿ ಅದನ್ನ ಅಟ್ಟಕ್ಕೆ ಹಾಕಲ್ಲ' ಅಂತ ಹಿಂದಿನ ದಿನನೇ ನನ್ನತ್ರ ಹೇಳಿದ್ರು."

ನನಗೆ ಸಂತೋಷವಾಯಿತು. ಇದನ್ನು ಮಾವನೆದುರು ಹೇಳಿ ಅವರ ಕಾಲೆಳೆಯಬೇಕಿತ್ತು. ಸಾಗರಕ್ಕೆ ಹೋಗುವಾಗ ಬಸ್ಸು ಆ ಮನೆಯಿದ್ದ ಜಾಗದ ಮೇಲೆಯೇ ಹಾದುಹೋಗುತ್ತದೆ. ಅದು ದಾಟುವಷ್ಟು ಹೊತ್ತು ನಾನು ಮಾವನ ಅಂಗಡಿಯೊಳಗೆ ಕೂತಿರುತ್ತೇನೆ.