ಫೋಟೋದವರು ತೆಗೆದ ಒಂದೇ ಸಿನಿಮಾ

ಮೊನ್ನೆ ಅಡುಗೆಮನೆಯಲ್ಲಿ ಮೂವರಿದ್ದೆವು. ನಾನು, ನನ್ನ ನೆಗೆಣ್ಣಿ, ಹುಬ್ಬಳ್ಳಿಯಿಂದ ಬಂದಿದ್ದ ಅವಳ ಸೊಸೆ. ಮಸಾಲೆಖಾರಕ್ಕೆಂದು ಒಣಮೆಣಸಿನಕಾಯಿ ಹುರಿಯಲಿಕ್ಕೆ ಹಾಕಿ ಮಾತಿಗೆ ಕೂತಿದ್ದೆವು. ಕಾಯಿ ಹೊತ್ತಿ ಘಾಟು ಎದ್ದದ್ದೇ ತಡ, ಮೂವರೂ ಕೆಮ್ಮುತ್ತ ಹಿತ್ತಲಿಗೆ ಓಡಿದೆವು. ನೆಗೆಣ್ಣಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಕ್ಕಾ, ಆ ಸಿನಿಮಾದಾಗ ಕೆಮ್ಮಿಧಂಗ ಕೆಮ್ಮಿದ್ವಿ ನೋಡ" ಅಂದಳು. ಸೊಸೆ "ಯಾವ ಸಿನಿಮಾ ಅತ್ತಿ?" ಅಂತ ಕೇಳಿದಳು. ನಗಬೇಕಂತ ಬಾಯಿ ತೆಗೆದೆ... ನಗು ಬರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ಸಂಶಿಯಲ್ಲಿ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವರು ಫೋಟೋ ಸ್ಟುಡಿಯೋ ಇಟ್ಟಿದ್ದರು. ನಾವೆಲ್ಲ ಅವರನ್ನು ಫೋಟೋದವರು ಅಂತಲೇ ಕರೆಯುತ್ತಿದ್ದೆವು. ಹಿಂದೆ ಸರೋವರ ಬರೆದ ಪಡದೆ, ಗೂಟಕ್ಕೊಂದು ಕರೀ ಕೋಟು, ಕನ್ನಡಿಗೆ ದಾರ ಕಟ್ಟಿದ ಹಣಿಗೆ. ಕೋಟು ಯಾರದೋ, ಮೈ ಯಾರದೋ, ಊರಿನ ಅರ್ಧ ಗಂಡಸರು ಅದೇ ಕೋಟಿನಲ್ಲಿ ಗೋಡೆ ಏರಿದ್ದರು. "ಗೋಣು ಎತ್ರಿ, ಉಸಿರು ಹಿಡೀರಿ" ಅನ್ನುವ ಅವರ ದನಿ ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ಒಂದು ಸಲ ಫೋಟೋ ಕಾಗದ ತರಲಿಕ್ಕೆ ಧಾರವಾಡಕ್ಕೆ ಹೋದವರು ಬಿಸಿಲು ತಾಳಲಾರದೆ ಒಂದು ಸಭಾಭವನ ಹೊಕ್ಕರಂತೆ. ಒಳಗೆ ಚಿತ್ರೋತ್ಸವ ನಡೆದಿತ್ತು. ಹಾಡಿಲ್ಲ, ಹೊಡೆದಾಟವಿಲ್ಲ. ಎಲ್ಲೋ ಸಮುದ್ರದ ದಂಡೆಯ ಜನ ದೋಣಿ ಕಟ್ಟುವುದನ್ನು ಹಾಗೇ ತೋರಿಸುತ್ತಿದ್ದರಂತೆ. ಕಾಗದ ತರುವುದು ಮರೆತು ಬಂದರು. ಕಟ್ಟೆಯ ಮೇಲೆ ಕೂತು, "ವೈನಿ, ಬರೇ ಕೆಲಸಾ ತೋರಿಸಿದ್ರೂ ಕಣ್ಣಾಗ ನೀರು ಬರ್ತಾವ್ರೀ" ಅಂದರು. ನನಗೆ ಅರ್ಥವಾಗಲಿಲ್ಲ.

ಆ ಉತ್ಸವದವರದು ಒಂದು ಪದ್ಧತಿ ಇತ್ತು. ಎಂದೂ ಸಿನಿಮಾ ತೆಗೆಯದ ಹೊಸಬರು ಬಂದು ತಮ್ಮ ವಿಷಯವನ್ನು ಬಾಯಿಮಾತಿನಲ್ಲೇ ಹೇಳಬೇಕು. ಮನಸ್ಸಿಗೆ ಬಂದವರಿಗೆ ಕ್ಯಾಮೆರಾ ಎರವಲು, ಫಿಲ್ಮಿನ ಡಬ್ಬಿ ಪುಕ್ಕಟೆ. ಕಲಿಸಲಿಕ್ಕೆ ತಿಳಿದವರೊಬ್ಬರು ಊರಿಗೇ ಬಂದು ಇರುತ್ತಾರೆ. ತಯಾರಾದದ್ದನ್ನು ಮುಂದಿನ ವರ್ಷದ ಉತ್ಸವದಲ್ಲಿ ತೋರಿಸುತ್ತಾರೆ. ಫೋಟೋದವರು ಹೋಗಿ ನಮ್ಮ ಹಿತ್ತಲಿನ ಆಚೆಯ ಕಳದ ಕಥೆ ಹೇಳಿದರು.

ಆ ಕಳ ಒಬ್ಬ ಮೆಣಸಿನಕಾಯಿ ವ್ಯಾಪಾರಿಯದು, ಕಾಯಿ ಒಣಹಾಕುವ ಕಣ. ಸುಗ್ಗಿಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ಮೂಗಿಗೆ ಸೆರಗು ಬಿಗಿದಿದ್ದರೂ ಕೆಮ್ಮು ನಿಲ್ಲುತ್ತಿರಲಿಲ್ಲ. ಬೆರಳು ಬೆಂಕಿಯಂತೆ ಉರಿಯುತ್ತಿದ್ದವು. ಸಂಜೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ಅತ್ತೆಯವರ ಹತ್ತಿರ ಮಜ್ಜಿಗೆ ಇಸಕೊಂಡು ಕೈಗೆ ತಿಕ್ಕಿಕೊಳ್ಳುತ್ತಿದ್ದರು. ಆ ಕೈಗಳ ಸಿನಿಮಾ ತೆಗೆಯುತ್ತೇನೆ ಅಂದರಂತೆ ಫೋಟೋದವರು. ಉತ್ಸವದವರು ಒಪ್ಪಿದರು.

ಡಬ್ಬಿಗಳು ಬಂದವು. "ನಾಳಿಂದ ಸಿನಿಮಾ ತಗೀತೀನಿ" ಅಂತ ಫೋಟೋದವರು ಕಳದಲ್ಲಿ ಹೇಳಿದರು. ಹೇಳಿದ್ದೇ ತಪ್ಪಾಯಿತು. ಮರುದಿನ ಒಬ್ಬಳೂ ಕೆಲಸದ ಸೀರೆಯಲ್ಲಿ ಬರಲಿಲ್ಲ. ಇಳಕಲ್ ಸೀರೆ, ಮೂಗಿಗೆ ನತ್ತು, ತಲೆ ತುಂಬ ಅಬ್ಬಲಿಗೆ. ವ್ಯಾಪಾರಿ ಕಳ ಸಾರಿಸಿ ರಂಗೋಲಿ ಹಾಕಿಸಿದ್ದ. ಕೆಮ್ಮು ಬಂದವಳು ಎದ್ದು ಗೋಡೆ ಮರೆಗೆ ಹೋಗಿ ಕೆಮ್ಮಿ, ಬಾಯಿ ಒರೆಸಿಕೊಂಡು ಬಂದು ಕೂಡುತ್ತಿದ್ದಳು. ಊರಿನ ಮರ್ಯಾದೆಯ ಪ್ರಶ್ನೆ, ಯಾರಿಗೆ ಏನನ್ನಬೇಕು? ಫೋಟೋದವರಿಗೂ ಮದುವೆ ಫೋಟೋದ ಕೈ. "ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ" ಅಂತ ಅರ್ಧಕ್ಕಿಂತ ಹೆಚ್ಚು ಫಿಲ್ಮು ಮುಗಿಸಿಬಿಟ್ಟರು.

ಕಲಿಸಲಿಕ್ಕೆ ಪುಣೆಯಿಂದ ಬಂದ ಗುರುಗಳು ವಯಸ್ಸಾದವರು, ಸಿಡುಕರು. ಸುದ್ದಿ ಕೇಳಿ ತಲೆ ಚಚ್ಚಿಕೊಂಡರು. ಮರಾಠಿ ಬೆರೆತ ಕನ್ನಡದಲ್ಲಿ, "ಅರೇ, ಇದು ಲಗ್ನ ಆತು! ಕೆಲಸಾ ಎಲ್ಲಿ ಐತಿ?" ಅಂದರು. ಅತ್ತೆಯವರು ಅವರ ಮುಂದೆ ರೊಟ್ಟಿ, ಝುಣಕ ಇಟ್ಟು, "ಮೊದಲು ಉಣ್ರಿ, ಆಮ್ಯಾಲ ಬಯ್ರಿ" ಅಂದರು. ಗುರುಗಳು ಉಂಡರು. ಆಮೇಲೆ ಬಯ್ಯಲಿಲ್ಲ. ಕ್ಯಾಮೆರಾದಲ್ಲಿದ್ದ ಫಿಲ್ಮು ತೆಗೆದಿಟ್ಟು, ಖಾಲಿ ಕ್ಯಾಮೆರಾ ಫೋಟೋದವರ ಕೈಗೆ ಕೊಟ್ಟು, "ಹೋಗಿ ಇದನ್ನು ತಿರುಗಿಸು. ಅವರಿಗೆ ಬ್ಯಾಸರಾಗೋತನಕ ತಿರುಗಿಸು" ಅಂದರು.

ಫೋಟೋದವರು ದಿನಾ ಹೋಗಿ ಚಾವಿ ಕೊಟ್ಟು ಖಾಲಿ ಕ್ಯಾಮೆರಾ ತಿರುಗಿಸುತ್ತ ಕೂತರು. ಬಾಜೂಕ ಗುರುಗಳು ಬೀಡಿ ಸೇದುತ್ತ ಕೂತಿರುತ್ತಿದ್ದರು. ಎಲ್ಲಿ ಕೂಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಅಷ್ಟೇ ಅವರ ಪಾಠ. ಹೆಣ್ಣುಮಕ್ಕಳು ಮೊದಮೊದಲು ನಕ್ಕರು. ಆಮೇಲೆ ಚೇಷ್ಟೆ ಶುರುವಾಯಿತು. "ಏ ಫೋಟೋದಪ್ಪಾ, ನಿನ್ನ ಪೆಟಿಗಿ ಹೊಟ್ಟಿ ಎಷ್ಟು ದೊಡ್ಡದೈತೋ? ಎಷ್ಟು ತಿಂದ್ರೂ ತುಂಬವಲ್ದು!" ಅಂತ ಎಲ್ಲರಿಗಿಂತ ಜೋರು ಬಾಯಿಯವಳು ಕೂಗಿದಳು. ಮಗು ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದ ಹುಡುಗಿ ಅವಳು, ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ. ದಿನ ಕಳೆದಂತೆ ಇಳಕಲ್ ಸೀರೆಗಳು ಪೆಟ್ಟಿಗೆ ಸೇರಿದವು. ಹಳೇ ಸೀರೆ ಬಂದವು. ಕೆಮ್ಮು ಬಂದರೆ ಕೂತಲ್ಲೇ ಕೆಮ್ಮಿದರು. ಆವತ್ತು ಗುರುಗಳು ಸದ್ದಿಲ್ಲದೆ ಉಳಿದ ಫಿಲ್ಮು ತುಂಬಿಕೊಟ್ಟರು. ಹೆಣ್ಣುಮಕ್ಕಳಿಗೆ ಅದು ಗೊತ್ತಾಗಲಿಲ್ಲ.

ಮುಂದಿನ ಉತ್ಸವಕ್ಕೆ ಕಳದವರೆಲ್ಲ ನಮ್ಮ ಜೊತೆ ಧಾರವಾಡಕ್ಕೆ ಬಂದರು. ಮತ್ತೆ ಅದೇ ಇಳಕಲ್ ಸೀರೆ. ದೀಪ ಆರಿತು. ಪಡದೆಯ ಮೇಲೆ ಹರಕು ಸೆರಗು, ಕೆದರಿದ ತಲೆ, ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕೆಮ್ಮು. ಕಡೆಗೆ ಆ ಹಚ್ಚೆಯ ಹುಡುಗಿ ಬಂದಳು. ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಕೂಸು ಅಳುತ್ತಿದೆ. ಅವಳು ಓಡಿ ಬಂದು, ಬೆರಳು ತಗುಲಬಾರದೆಂದು ಅಂಗೈ ಹಿಂದಕ್ಕೆ ಮಡಚಿ, ಎರಡೂ ಮೊಣಕೈ ಕೊಟ್ಟು ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು... ಸಭಾಭವನವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಗುರುಗಳು ಫೋಟೋದವರನ್ನು ತಬ್ಬಿಕೊಂಡರು.

ಚಪ್ಪಾಳೆ ಮುಗಿಯುವುದರೊಳಗೆ ನಮ್ಮ ಹೆಣ್ಣುಮಕ್ಕಳು ಹೊರಗೆ ಹೋಗಿದ್ದರು. ಹಚ್ಚೆಯ ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು.

"ಚಂದಂಗಿ ಸೀರಿ ಉಟ್ಟಾಗ ತಗದದ್ದು ಎಲ್ಲಿ ಹೋತು? ಹರಕ ಉಟ್ಟಾಗ ಹೇಳದ ತಗದಿ. ನನ್ನ ಕೂಸಿನ್ನ ನನಗ ಎತ್ತಿಕೊಳ್ಳಾಕ ಬರಂಗಿಲ್ಲ ಅಂತ ಊರಿಗೆಲ್ಲಾ ತೋರಿಸಿದಿ."

ಗುರುಗಳು ಫೋಟೋದವರ ಹೆಗಲ ಮೇಲೆ ಕೈ ಇಟ್ಟು, "ಮೊದಲು ಇವರಿಗೇ ತೋರಿಸಬೇಕಿತ್ತು. ನನಗೂ ಹೊಳೀಲಿಲ್ಲ" ಅಂದರು. ಸಣ್ಣ ದನಿಯಲ್ಲಿ ಅಂದರು. ಅದು ಮೆಟ್ಟಿಲವರೆಗೆ ಮುಟ್ಟಲಿಲ್ಲ.

ಆಮೇಲೆ ಕಳದ ಮನೆಗಳವರು ಯಾರೂ ಸ್ಟುಡಿಯೋದ ಹೊಸ್ತಿಲು ತುಳಿಯಲಿಲ್ಲ. ಅವರನ್ನು ನೋಡಿ ಉಳಿದವರೂ ಬಿಟ್ಟರು. ಮದುವೆಗಳಿಗೆ ಕುಂದಗೋಳದಿಂದ ಬೇರೆಯವರನ್ನು ಕರೆಸತೊಡಗಿದರು. ಉತ್ಸವದವರು ಮಾತ್ರ ಮತ್ತೆ ಬಂದರು. ಈ ಸಲ ಬಣ್ಣದ ಫಿಲ್ಮು ಕೊಡುತ್ತೇವೆ, ಗುರುಗಳೂ ಬರುತ್ತಾರೆ, ಇನ್ನೊಂದು ತೆಗೆಯಿರಿ ಅಂದರು. ಫೋಟೋದವರು ಅವರಿಗೆ ಚಹಾ ಕುಡಿಸಿದರು. "ಬ್ಯಾಡ್ರಿ, ಕೈ ಏಳವಲ್ವು" ಅಂದು ಕಳಿಸಿದರು. ಗದ್ದಲ ಇಲ್ಲ, ಸಿಟ್ಟಿಲ್ಲ. ದಣಿದ ಮನುಷ್ಯ ಹೇಗೆ ಚಪ್ಪಲಿ ಕಳಚುತ್ತಾನೋ ಹಾಗೆ. ಸ್ವಲ್ಪ ದಿನಕ್ಕೆ ಖೋಲಿ ಬಿಟ್ಟು ಅಣ್ಣಿಗೇರಿಯ ಕಡೆ ತಂಗಿಯ ಊರಿಗೆ ಹೋದರು. ಅಲ್ಲಿ ಹೊಲ ನೋಡಿಕೊಂಡಿದ್ದರಂತೆ. ತೀರಿಕೊಂಡದ್ದೂ ನಮಗೆ ತಡವಾಗಿ ತಿಳಿಯಿತು...

ಹೋದ ವರ್ಷ ಗುಡಗೇರಿಯಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಜೋಳಿಗೆಯಲ್ಲಿದ್ದ ಆ ಕೂಸು ಈಕೆ. ಅವಳ ತಾಯಿ ಸಿನಿಮಾ ಆದ ಕೆಲ ವರ್ಷಕ್ಕೇ ಹೋಗಿಬಿಟ್ಟಿದ್ದಳು. ಹಿರಿಯರ ಪೂಜೆಗೆ ಇಡಲಿಕ್ಕೆ ಮನೆಯಲ್ಲಿ ಒಂದೂ ಫೋಟೋ ಇಲ್ಲ. "ಹರಕ ಸೀರಿ ಇದ್ರೂ ನಡೀತೈತ್ರಿ. ಆ ಸಿನಿಮಾ ಎಲ್ಲೈತ್ರಿ ಅಕ್ಕಾರ?" ಅಂದಳು.

ನಾವಿಬ್ಬರೂ ರೈಲು ಹಿಡಿದು ಧಾರವಾಡಕ್ಕೆ ಹೋದೆವು. ಉತ್ಸವ ನಿಂತು ಎಷ್ಟೋ ವರ್ಷವಾಗಿತ್ತು. ಸಭಾಭವನದಲ್ಲಿ ಈಗ ಸೀರೆಯ ಗೋದಾಮು. ಉತ್ಸವ ನಡೆಸುತ್ತಿದ್ದವರಲ್ಲಿ ಒಬ್ಬರು ಸಿಕ್ಕರು, ಕಿವಿ ಮಂದ. ಡಬ್ಬಿಗಳನ್ನೆಲ್ಲ ಪುಣೆಗೆ ಗುರುಗಳ ಹತ್ತಿರ ಕಳಿಸಿದ್ದೆವು ಅಂದರು. ಗುರುಗಳು ಇಲ್ಲ. ಅವರ ಮನೆಯೂ ಬೇರೆಯವರ ಪಾಲಾಗಿದೆಯಂತೆ.

ತಿರುಗಿ ಬರುವಾಗ ರೈಲಿನಲ್ಲಿ ಅವಳು, "ನಮ್ಮವ್ವ ಹೆಂಗಿದ್ಲ್ರಿ ಅದರಾಗ?" ಅಂತ ಕೇಳಿದಳು. ಗದ್ದದ ಹಚ್ಚೆ ಹೇಳಿದೆ, ಜೋರು ಬಾಯಿ ಹೇಳಿದೆ, ಮೊಣಕೈಯಲ್ಲಿ ಅವಳನ್ನು ಎತ್ತಿಕೊಂಡದ್ದು ಹೇಳಿದೆ. ಸೀರೆಯ ಬಣ್ಣ ಕೇಳಿದಳು. ಕಪ್ಪು ಬಿಳುಪಿನ ಸಿನಿಮಾ, ಏನು ಹೇಳಲಿ? ಸಂಶಿ ಬಂತು. ಇಳಿದೆ. ಅವಳು ಕಿಟಕಿಯಿಂದ ಕೈ ಚಾಚಿ, "ಮತ್ತೇನರ ನೆನಪಾದ್ರ ಹೇಳಿ ಕಳಸ್ರಿ" ಅಂದಳು. ಹೂಂ ಅಂದೆ. ರೈಲು ಗುಡಗೇರಿಯ ಕಡೆ ಹೋಯಿತು.

ಇನ್ನೂ ಏನೂ ನೆನಪಾಗಿಲ್ಲ.